ವಿಡಿಯೊ ಗೇಮಿಗೂ ಒಂದು ಇತಿಹಾಸವಂತೆ

ಪುಸ್ತಕ ಬರೆಯಲು ಕೂತವರ ಸುತ್ತ ನಗುವಂಥ ಸಂಗತಿಗಳು ಒಂದಲ್ಲ ಒಂದು ನಡೆಯುತ್ತಲೇ ಇರುತ್ತವೆ. ವಿಡಿಯೊ ಗೇಮಿನ ಮೇಲೆ ಪುಸ್ತಕ ಬರೆಯಲು ಕೂತರೆ ಅವು ಬಾಗಿಲ ಮುಂದೆ ಪಾಳಿ ಹಚ್ಚಿ ನಿಲ್ಲುತ್ತವೆ.

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತವರು ಸುರಪುರ. ನಾನು ಸಣ್ಣವಳಿದ್ದಾಗ ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಗೋಣಿಚೀಲದ ಪರದೆ. ಹುಡುಗರು ಒಳಗೆ, ನಾವು ಹುಡುಗಿಯರು ಹೊರಗೆ. "ಹೆಣ್ಮಕ್ಕಳದ್ದು ಅಲ್ಲೇನು ಕೆಲಸ" ಎನ್ನುತ್ತಿದ್ದರು. ಒಂದು ದಿನ ನಾನು ಚೀಲ ಸರಿಸಿ ಒಳಗೆ ಹೋಗಿಯೇಬಿಟ್ಟೆ. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಅವರು ಟಿವಿಯಿಂದ ಕಣ್ಣು ತೆಗೆಯಬೇಕಿತ್ತಲ್ಲ.

ಈಗ ಆ ಅಂಗಡಿಗಳೆಲ್ಲ ಹೋದವು. ಅಮೆರಿಕದಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಹೈದರಾಬಾದಿನ ಬಜಾರಿನಲ್ಲಿ ನಕಲಾಗಿ, ರೈಲಿನಲ್ಲಿ ಯಾದಗಿರಿಗೂ ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ನಮ್ಮೂರಿಗೂ ಬಂದ ಒಂದು ಧಂದೆ. ಅದರ ಬಗ್ಗೆ ನಮ್ಮ ಕಡೆಯವರು ಒಂದು ಸಾಲನ್ನೂ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಯಾರೂ ಬರೆಯದಿದ್ದರೆ ನಾನು ಬರೆಯುತ್ತೇನೆ ಎಂದು ಹಟ ಹಿಡಿದೆ. ಹಟ ಹಿಡಿದ ಮೇಲೆ ಆದದ್ದು ಇಷ್ಟು.

ರಾಜರಿಲ್ಲದ ಇತಿಹಾಸ

ಸುದ್ದಿ ಮೊದಲು ಗೊತ್ತಾದದ್ದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಬರೆಯುತ್ತ ಕೂತದ್ದನ್ನು ಹೆಡ್‌ಮಾಸ್ತರು ನೋಡಿದರು. ಅವರು ಒಳ್ಳೆಯವರು, ಆದರೆ ಶಾಲೆಯ ಹೆಸರು ಯಾರಾದರೂ ಕೆಡಿಸಿಯಾರು ಎಂಬ ಹೆದರಿಕೆಯಲ್ಲೇ ಇರುವವರು.

"ಏನು ಬರ್ಯಾಕತ್ತೀರಿ ಮೇಡಂ?"

"ಇತಿಹಾಸ ರೀ ಸರ."

ಅವರಿಗೆ ಸಂತೋಷವಾಯಿತು. "ಭಾಳ ಚೊಲೊ ಆತು. ಸುರಪುರ ಸಂಸ್ಥಾನದ್ದೇನು?"

"ವಿಡಿಯೊ ಗೇಮಿಂದು ರೀ."

ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. "ಮೇಡಂ, ಇತಿಹಾಸ ಅಂದ ಮ್ಯಾಲ ರಾಜರು ಇರಬೇಕು, ಯುದ್ಧ ನಡೀಬೇಕು, ಒಂದೆರಡು ರಾಜ್ಯನರ ಮುಳುಗಬೇಕು."

"ಎಲ್ಲಾ ಅವ ರೀ ಸರ. ಕಂಪನಿ ಕಂಪನಿ ನಡುವ ಯುದ್ಧ ಆಗ್ಯಾವ. ಮುಳುಗಿದ್ದಂತೂ ರಾಜ್ಯಕ್ಕಿಂತ ಜಾಸ್ತಿ ಅವ."

"ಅದಲ್ರಿ. ಪಾಲಕರಿಗಿ ನಾವೇ ಮೀಟಿಂಗ್ ಕರದು, ಮಕ್ಕಳ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ ಅಂತ ಹೇಳತೀವಿ. ನೀವು ನೋಡಿದ್ರ ಅದರ ಮ್ಯಾಲ ಪುಸ್ತಕ ಬರೀತೀರಿ. ಹುಡುಗ್ರು ಕೆಟ್ರ ಯಾರು ಜವಾಬ್ದಾರಿ?"

ನಾನೂ ಪೆನ್ನು ಕೆಳಗಿಟ್ಟೆ. "ಸರ, ನಾನು ಇಷ್ಟು ವರ್ಷ ತರಗತ್ಯಾಗ ತಲಿ ಕಡಿಯೂ ಪಾಠಾನೇ ಹೇಳಕೋತ ಬಂದೀನಿ. ಇವತ್ತಿನ ತನಕ ಒಬ್ಬ ಹುಡುಗನೂ ಖಡ್ಗ ಹಿಡಕೊಂಡು ಸಾಲಿಗಿ ಬಂದಿಲ್ಲ."

ಮೂಲೆಯಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ ಗಣಿತದ ಮಾಸ್ತರರು ಅಲ್ಲಿಂದಲೇ ನ್ಯಾಯ ಹೇಳಿದರು.

"ಬರೀಲಿ ಬಿಡ್ರಿ ಸರ. ನನ್ನ ಪಾಠ ಕೇಳಿ ಯಾರರ ಲೆಕ್ಕ ಮಾಡ್ಯಾರೇನು?"

ಮೆಟ್ಟಲಾ ಹತ್ತದ ಮಾಲಕರು

ಯಾದಗಿರಿಯಲ್ಲಿ ಎಲ್ಲರಿಗಿಂತ ಮೊದಲು ವಿಡಿಯೊ ಗೇಮ್ ಅಂಗಡಿ ತೆರೆದವರು ಅಣ್ಣ ತಮ್ಮ ಇಬ್ಬರು ಎಂದು ಕೇಳಿದ್ದೆ. ಅಣ್ಣನದು ಈಗ ಸ್ಟೀಲ್ ಪಾತ್ರೆಯ ಅಂಗಡಿ. ಒಂದು ರವಿವಾರ ಹೋದೆ. ಅವರು ಕೊಡಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದರು.

"ನೀವು ಹಿಂದಕ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ರಂತ. ಅದರ ಬಗ್ಗೆ ಕೇಳಬೇಕಾಗಿತ್ತು ರೀ."

ಅವರು ನನ್ನ ಕನ್ನಡಕ ನೋಡಿದರು, ಹೆಗಲಿನ ಚೀಲ ನೋಡಿದರು, ಕೈಯಲ್ಲಿದ್ದ ಪೆನ್ನು ನೋಡಿದರು.

"ಯಾರು ಹೇಳಿದ್ರು ನಿಮಗ?"

"ಊರಾಗ ಎಲ್ಲಾರೂ ಹೇಳತಾರ."

"ಸುಳ್ಳದು. ಅಂಗಡಿ ನನ್ನ ತಮ್ಮಂದು. ನಾ ಅದರ ಮೆಟ್ಟಲಾ ಸುದ್ದಾ ಹತ್ತಿಲ್ಲ."

ತಮ್ಮನದು ಎರಡು ಓಣಿ ದಾಟಿದರೆ ಚಪ್ಪಲಿ ಅಂಗಡಿ. ಅಲ್ಲಿಗೆ ಹೋದೆ. ವಿಷಯ ಎತ್ತಿದ ಕೂಡಲೆ ಅವರ ಮುಖ ಬಾಡಿತು.

"ಅಣ್ಣ ಹಂಗಂದಾನೇನು? ಅಂಗಡಿ ಅವಂದ್ರಿ, ಮಷೀನ್ ಅವಂದ್ರಿ, ಎಲ್ಲಾ ಅವಂದೇ. ನಾ ಮುಂಜಾನೆದ್ದು ಕಸಾ ಹೊಡದು ಬರತಿದ್ದೆ, ಅಷ್ಟೇ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಮೇಡಂ, ಇರಲಿ, ನಿಮ್ಮ ಮಗ ಯಾವುದ್ರಾಗ ಫೇಲಾಗ್ಯಾನ?"

ಆಗ ನನಗೆ ತಿಳಿಯಿತು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಈ ಇಬ್ಬರ ಹತ್ತಿರ ತಾಯಂದಿರು ಇನ್ನೂ ಜಗಳಕ್ಕೆ ಬರುತ್ತಾರೆ. ಮೊನ್ನೆ ಒಬ್ಬಾಕೆ ಬಂದು, ನಿಮ್ಮ ಗೇಮಿನಿಂದ ನನ್ನ ಮಗನಿಗೆ ಕನ್ಯಾ ಸಿಗವಲ್ದು ಎಂದು ಬೈದು ಹೋದಳಂತೆ. ಆ ಮಗನಿಗೆ ಈಗ ತಲೆಗೂದಲು ಉದುರಿವೆ ಎಂದೂ ಹೇಳಿದರು.

"ನಾನು ಜಗಳಕ್ಕ ಬಂದಿಲ್ರಿ. ಪುಸ್ತಕ ಬರ್ಯಾಕತ್ತೀನಿ. ಈ ಧಂದೆಯ ಇತಿಹಾಸ. ಯಾದಗಿರಿಗಿ ಇದನ್ನ ಮೊದಲು ತಂದವ್ರು ಅಂತ ಒಂದು ಅಧ್ಯಾಯಾನೇ ಇಡಾಕಿ ಇದ್ದೀನಿ."

ಅವರು ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಎದ್ದು ನಿಂತರು. "ಮೊದಲು ತಂದವ್ರು ಅಂತ ಬರೀತೀರಿ?"

"ಹೌದ್ರಿ. ಫೋಟೊ ಹಾಕಿ."

ಗಿರಾಕಿಯನ್ನು ಹಾಗೇ ಕೂರಿಸಿ ನನ್ನನ್ನು ಕರೆದುಕೊಂಡು ಅಣ್ಣನ ಅಂಗಡಿಗೆ ಬಂದರು. ಬರುವ ದಾರಿಯಲ್ಲೇ ಕಸ ಹೊಡೆಯುವ ಕೆಲಸ ಬಿಟ್ಟು ಮಾಲಕರಾಗಿದ್ದರು. ಅಣ್ಣನಿಗೆ ವಿಷಯ ತಿಳಿದ ಮೇಲೆ ಅರ್ಧ ಬಜಾರು ಕೂಡುವಂಥ ಮಾತು ನಡೆಯಿತು. ಹೈದರಾಬಾದಿಗೆ ಹೋಗಿ ಮಷೀನ್ ಆರಿಸಿದವನು ನಾನು ಎಂದು ಅಣ್ಣ. ರೈಲಿನಲ್ಲಿ ಅಣ್ಣ ಸೀಟು ಹಿಡಿದು ಕೂತಿದ್ದ, ಮಷೀನ್ ಅಪ್ಪಿಕೊಂಡು ಯಾದಗಿರಿತನಕ ನಿಂತು ಬಂದವನು ನಾನು ಎಂದು ತಮ್ಮ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತ, ನನಗೆ ಬೇಕಾದ ವಿವರವೆಲ್ಲ ಜಗಳದಲ್ಲೇ ಸಿಕ್ಕಿತು. ಸಂದರ್ಶನ ಮಾಡಿದ್ದರೆ ಅದರ ಅರ್ಧವೂ ಸಿಗುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಅಣ್ಣನನ್ನು ಕೇಳಿದೆ. "ಮುಂಜಾನಿ ನೀವು ಆ ಅಂಗಡಿ ಮೆಟ್ಟಲಾ ಸುದ್ದಾ ಹತ್ತಿಲ್ಲ ಅಂದಿದ್ರಲ್ರಿ?"

ಅವರು ಕೊಡ ಒರೆಸುತ್ತಲೇ ಹೇಳಿದರು. "ಖರೆ ಹೇಳೀನಿ ಮೇಡಂ. ಆ ಅಂಗಡಿಗಿ ಮೆಟ್ಟಲಾ ಎಲ್ಲಿದ್ವು, ನೆಲದ ಮ್ಯಾಲೇ ಇತ್ತು."

ಕಬಡ್ಡಿ ಪ್ರಾಕ್ಟೀಸು

ಸುರಪುರದಲ್ಲಿ ನಮಗೆ ಪಿ.ಟಿ. ಕಲಿಸಿದ ಮಾಸ್ತರರು ಇನ್ನೂ ಗಟ್ಟಿಯಾಗಿದ್ದಾರೆ. ನಾವು ಓದುವಾಗ ಅವರ ಹೆಸರು ಕೇಳಿದರೆ ಹುಡುಗರ ಚಡ್ಡಿ ಸಡಿಲಾಗುತ್ತಿತ್ತು. ಶಾಲೆ ತಪ್ಪಿಸಿ ಗೇಮ್ ಅಂಗಡಿಗೆ ಹೋದವರನ್ನು ಬೆತ್ತ ಹಿಡಿದು ಎಳೆದು ತರುವ ಕೆಲಸ ಅವರದು. ಆ ಅಂಗಡಿಯ ಮೇಲೆ ಅಷ್ಟು ಸಿಟ್ಟಿದ್ದವರ ಮಾತೂ ಪುಸ್ತಕದಲ್ಲಿ ಇರಲಿ ಎಂದು ಅವರ ಮನೆಗೆ ಹೋದೆ. ಅವರ ಮನೆಯವರು, ನಾವೆಲ್ಲ ಅವ್ವಾರ ಎಂದು ಕರೆಯುವವರು, ಚುರುಮುರಿ ಮಾಡಿ ತಂದಿಟ್ಟು ಅಲ್ಲೇ ಕೂತರು.

"ಸರ, ಅಂಗಡ್ಯಾಗ ಹುಡುಗ್ರನ್ನ ಹೆಂಗ ಹಿಡೀತಿದ್ರಿ?"

"ಹಿಂದಿನ ಬಾಗಲಾ ಒಂದಿತ್ತು. ಅಲ್ಲಿಂದ ಒಳಗ ಹೋಗಿ ಕಿವಿ ಹಿಂಡತಿದ್ದೆ."

"ಆಮ್ಯಾಲ?"

"ಆಮ್ಯಾಲ ಅವರನ್ನ ಸಾಲಿಗಿ ಓಡಸತಿದ್ದೆ."

"ನೀವು?"

ಮಾಸ್ತರರು ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ಹುಡುಗ್ರು ರೊಕ್ಕಾ ಕೊಟ್ಟು ಆಟ ಹಚ್ಚಿರತಿದ್ರು. ಅರ್ಧಕ್ಕ ಬಿಟ್ಟು ಓಡಿದ್ರ ಅದು ದಂಡ ಆಗಬಾರದಲ್ಲ."

"ಅಂದ್ರ ನೀವು ಆಡತಿದ್ರಿ."

"ಉಳದಿದ್ದು ಮುಗಸತಿದ್ದೆ."

ಪೂರ್ತಿ ಕೇಳಿದ ಮೇಲೆ ತಿಳಿದದ್ದು: ಸರ್ ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ ಹೊರಗೆ ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಹುಡುಗರು ಶಾಲೆಯಲ್ಲಿ ಭದ್ರವಾಗಿ ಕೂತಿರುತ್ತಿದ್ದರು. ವಿಮಾನ ಹೊಡೆಯುವ ಒಂದು ಆಟದಲ್ಲಿ ಸರ್ ಮುಟ್ಟಿದ ಮಟ್ಟವನ್ನು ಆ ಅಂಗಡಿಯಲ್ಲಿ ಬೇರೆ ಯಾರೂ ಮುಟ್ಟಲಿಲ್ಲವಂತೆ. ಈ ಮಾತು ಹೇಳುವಾಗ ಸರ್ ಕುರ್ಚಿಯಲ್ಲಿ ನೆಟ್ಟಗಾದರು.

"ಇದನ್ನ ಪುಸ್ತಕದಾಗ ಹಾಕಲ್ರೀ ಸರ?"

"ಹಾಕು. ನಾ ಯಾರಿಗಿ ಹೆದರಬೇಕು? ನಿವೃತ್ತಿ ಆಗೀನಿ. ಆಡಿದ್ದು ಖರೆ, ಗೆದ್ದದ್ದು ಖರೆ."

ನಾನು ಅವರನ್ನು ಮೆಚ್ಚಿದೆ. ಅವ್ವಾರ ಮಾತ್ರ ಇಷ್ಟೂ ಹೊತ್ತು ತಟ್ಟೆಯಲ್ಲಿನ ಶೇಂಗಾ ಬೀಜ ಆರಿಸುತ್ತ ಕೂತಿದ್ದರು. ಈಗ ತಲೆ ಎತ್ತಿದರು.

"ದಿನಾ ಸಂಜೀಕ ಬಂದು, ಕಬಡ್ಡಿ ಪ್ರಾಕ್ಟೀಸ್ ಮಾಡಿಸಿ ಸಾಕಾಗ್ಯಾದ ಅಂತ ಮಲಗತಿದ್ರಲ್ಲ, ಅದು ಇದೇನು?"

ಸರ್ ಕಿಟಕಿಯ ಕಡೆ ನೋಡಿದರು.

"ಕೊಬ್ಬರಿ ಎಣ್ಣಿ ಹಚ್ಚಿ ಹಚ್ಚಿ ನನ್ನ ಕೈ ಸವದ್ವು," ಎಂದರು ಅವ್ವಾರ. "ಕಬಡ್ಡಿ ಆಡಿದವ್ರಿಗಿ ಹೆಬ್ಬಟ್ಟಿಗಿ ಯಾಕ ಗುಳ್ಳಿ ಏಳತಾವ ಅಂತ ನಾ ಅವತ್ತೇ ಕೇಳಬೇಕಿತ್ತು."

ಸಿಟ್ಟು

ಬರವಣಿಗೆ ಮುಗಿದ ಮೇಲೆ ದೊಡ್ಡ ಊರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಬಹಳ ದಿನ ಬಿಟ್ಟು ಅವರೇ ಫೋನ್ ಮಾಡಿದರು. ಮಾತು ಬೆಣ್ಣೆ.

"ಮೇಡಂ, ಬರವಣಿಗೆ ತುಂಬಾ ಚೆನ್ನಾಗಿದೆ. ವಿಷಯ ಒಂದನ್ನು ಬದಲಾಯಿಸಿದರೆ ಸಾಕು."

"ವಿಷಯ ಬದಲಸಿದ್ರ ಉಳಿಯೂದೇನ್ರಿ?"

"ಹಾಗಲ್ಲ, 'ಮಕ್ಕಳನ್ನು ವಿಡಿಯೊ ಗೇಮಿನಿಂದ ಬಿಡಿಸುವುದು ಹೇಗೆ' ಅಂತ ಮಾಡಿಕೊಡಿ. ತಕ್ಷಣ ಹಾಕುತ್ತೇವೆ. ಇಲ್ಲವಾದರೆ ನಿಮ್ಮ ಕಡೆ ಬರಗಾಲ ಇರುತ್ತದಲ್ಲ, ಅದರ ಬಗ್ಗೆ ಬರೆಯಿರಿ. ನಿಮ್ಮ ಕಡೆಯವರು ಬರಗಾಲದ ಬಗ್ಗೆ ಬರೆದರೆ ಇಲ್ಲಿ ಓದುತ್ತಾರೆ."

"ಸರ, ನಮ್ಮ ಕಡಿ ಕಾಲುವಿ ಬಂದು, ಮಂದಿ ಭತ್ತ ಬೆಳ್ಯಾಕತ್ತಾರ. ನಮ್ಮ ಕಡಿ ಮಂದಿ ಗೇಮ್ ಆಡ್ಯಾರ, ಅಂಗಡಿ ಇಟ್ಟಾರ, ಗೆದ್ದಾರ, ಸೋತಾರ. ನಾವು ಅಳೂದು ಅಷ್ಟೇ ಬರೀಬೇಕು ಅಂತ ಎಲ್ಲ್ಯರ ಕಾನೂನು ಆಗ್ಯಾದೇನ್ರಿ? ನನ್ನ ಪುಸ್ತಕ ನಾನೇ ಹಾಕ್ಕೊಂತೀನಿ. ಹಸ್ತಪ್ರತಿ ವಾಪಸ್ ಕಳಸ್ರಿ."

ಅವರು ಅಂಜಿದಂತೆ ಕೇಳಿದರು. "ಮೇಡಂ, ನೀವು ಕೋಪ ಮಾಡಿಕೊಂಡಿದ್ದೀರೋ, ಅಥವಾ ನಿಮ್ಮ ಕಡೆ ಮಾತಾಡುವುದೇ ಹೀಗೋ?"

"ನಮ್ಮ ಕಡಿ ಮಾತಾಡೂದು ಹಿಂಗೇರಿ," ಎಂದೆ. "ಇವತ್ತು ಸಿಟ್ಟೂ ಬಂದದ."

ಕಾವಿಗೆ ಕೂತ ಕೋಳಿ

ಸ್ವಂತ ಹಾಕುವುದು ಎಂದಾಯಿತು. ಯಾದಗಿರಿಯಲ್ಲಿ ಒಂದು ಪ್ರೆಸ್ಸು ಗೊತ್ತುಮಾಡಿದೆ. ಈಗ ಬಾಕಿ ಉಳಿದದ್ದು ಒಂದೇ ಫೋಟೊ. ಹಳೆಯ ಕಾಲದ, ನಿಂತು ಆಡುವ, ಬೀರುವಿನಷ್ಟು ಎತ್ತರದ ಗೇಮ್ ಮಷೀನು. ಅಂಥದೊಂದು ತಮ್ಮಲ್ಲಿತ್ತು, ಅದನ್ನು ಹಿಂದೆಯೇ ರಾಮಸಮುದ್ರದ ಒಬ್ಬರಿಗೆ ಕೊಟ್ಟಿದ್ದೇವೆ ಎಂದು ಪಾತ್ರೆ ಅಂಗಡಿಯವರು ಹೇಳಿದರು. ನಮ್ಮ ಮನೆಯವರ ಬೈಕಿನಲ್ಲಿ ರಾಮಸಮುದ್ರಕ್ಕೆ ಹೋದೆವು.

ಮಷೀನು ಇತ್ತು. ಮನೆಯ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ. ಒಳಗಿನ ಟಿವಿ ಯಾವಾಗಲೋ ಹೋಗಿತ್ತು. ಟಿವಿ ಇದ್ದ ಜಾಗದಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಒಂದು ಕೋಳಿ ಕೂತಿತ್ತು. ನಾನು ಹತ್ತಿರ ಹೋದದ್ದಕ್ಕೆ ಮನೆಯ ಮುದುಕಿ ಅಡ್ಡ ಬಂದಳು.

"ಮುಟ್ಟಬ್ಯಾಡವ್ವ. ಕಾವಿಗಿ ಕುಂತದ."

"ಆಯಿ, ಒಂದು ಫೋಟೊ ತಕ್ಕೊಂತೀನಿ. ಕೋಳಿ ಒಂದ್ ಗಳಿಗಿ ಈಚಿಗಿ ಇಡ್ರಿ."

"ಎಬ್ಬಿಸಿದ್ರ ತತ್ತಿ ಕೆಡತಾವ."

"ಇದು ಭಾಳ ಮಹತ್ವದ್ದು ಆಯಿ. ಇತಿಹಾಸ ಅದ ಇದರಾಗ."

ಮುದುಕಿ ಮಷೀನಿನ ಒಳಗೆ ಬಗ್ಗಿ ನೋಡಿದಳು. "ಇದರಾಗ ತತ್ತಿ ಅವ. ನಿನ್ನ ಇತಿಹಾಸ ಎಲ್ಲಿಗಿ ಓಡಿ ಹೋಗತದ? ಮರಿ ಆಗಲಿ, ಬಾ."

ಮನೆಯವರು ಬೈಕಿಗೆ ಒರಗಿ, ಇದೊಂದು ಫೋಟೊ ಬಿಟ್ಟರೆ ಪುಸ್ತಕಕ್ಕೆ ಏನು ಕಡಿಮೆಯಾಗುತ್ತದೆ ಎಂದು ಕೇಳಿದರು. ಬಿಡುವುದಿಲ್ಲ ಎಂದೆ. ಮರಿಯಾದ ಮೇಲೆ ಮತ್ತೆ ಹೋದೆವು. ಈಗ ಮರಿಗಳೂ ಅದರೊಳಗೇ ಇದ್ದವು, ತಾಯಿಯೂ ಬಿಟ್ಟು ಕದಲಲಿಲ್ಲ. ಕೊನೆಗೆ ಕೋಳಿ ಸಹಿತವೇ ಫೋಟೊ ತೆಗೆಯುತ್ತೇನೆ ಎಂದು ಒಪ್ಪಿಕೊಂಡೆ. ಮುದುಕಿ ಮಷೀನಿನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ಕೋಳಿಯ ಬೆನ್ನು ಒರೆಸಿ, "ಚಂದ ಬರಬೇಕು ನೋಡು" ಎಂದಳು.

ಚಂದವಾಗಿಯೇ ಬಂತು. ಗೀಚಿದ ಬಣ್ಣ, ಸವೆದ ಹಿಡಿಕೆ, ಮಾಸಿದ ಇಂಗ್ಲಿಷ್ ಅಕ್ಷರ, ನಡುವೆ ಕೋಳಿ. ಹೆಮ್ಮೆಯಿಂದ ಪ್ರೆಸ್ಸಿಗೆ ಕಳಿಸಿದೆ. ಅಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವವರು ನನಗಿಂತ ಹಿರಿಯರು, ಬಹಳ ಶ್ರದ್ಧೆಯ ಮನುಷ್ಯ. ಅವರು ಕಳಿಸಿದ ಪುಟ ತೆರೆದು ನೋಡಿದರೆ ಕಾಗದದ ತುಂಬ ಕೋಳಿ. ಮಷೀನೇ ಇಲ್ಲ. ಫೋನ್ ಹಚ್ಚಿದೆ.

"ಅದೇನ್ರಿ ಮೇಡಂ," ಎಂದು ಅವರು ಸಮಾಧಾನದಿಂದ ಹೇಳಿದರು, "ಕೋಳಿ ಸುತ್ತ ಯಾವುದೋ ಹಳೇ ಡಬ್ಬಿ ಅಡ್ಡ ಬಂದಿತ್ತು. ತಗದೀನಿ."

ರಸ್ತೆಯ ಬಟನ್

ಆ ಪ್ರೆಸ್ಸಿನಲ್ಲಿ ಹೆಚ್ಚಾಗಿ ಆಗುವುದು ಲಗ್ನಪತ್ರಿಕೆ. ಕೈಗೆ ಬಿದ್ದ ರೂಢಿ ಬಿಡುವುದು ಕಷ್ಟ. ಮೊದಲ ಸಲ ಪುಟ ಬಂದಾಗ ನನ್ನ ಮುನ್ನುಡಿಯ ಕೊನೆಗೆ, ನನ್ನ ಹೆಸರಿನ ಮೇಲೆ, 'ತಮ್ಮ ಆಗಮನಾಭಿಲಾಷಿಗಳು' ಎಂದು ಕೂತಿತ್ತು. ಅದನ್ನು ತೆಗೆಸಿದೆ. ಅಂದಿನಿಂದ ಪ್ರೂಫಿನ ತಪ್ಪು ಹುಡುಕಲು ನಮ್ಮ ಮನೆಯವರನ್ನೂ ಜೊತೆಗೆ ಕೂರಿಸಿದೆ.

ಇನ್ನೊಂದು ದಿನ ಪುಟ ಕಟ್ಟುವವರು ತಾವೇ ಫೋನ್ ಮಾಡಿದರು. "ಮೇಡಂ, ನೀವು ಎಲ್ಲಾ ಕಡಿ ಗುಂಡಿ ಒತ್ತಿದರು, ಗುಂಡಿ ಒತ್ತಿದರು ಅಂತ ಬರದೀರಿ. ಓದವ್ರಿಗಿ ಅಂಗಿ ಗುಂಡಿಯೋ ಯಾವುದೋ ತಿಳಿಯಂಗಿಲ್ಲ. ಬಟನ್ ಅಂತ ಹಾಕೂಣೇನ್ರಿ?"

ಮಾತು ಸರಿ ಎನಿಸಿತು. ಹಾಕ್ರಿ ಎಂದೆ.

"ಒಂದೊಂದು ಹುಡುಕೂದು ಬ್ಯಾಡ. ಕಂಪ್ಯೂಟರಿಗಿ ಹೇಳಿದ್ರ ಎಲ್ಲಾ ಕಡಿ ಒಂದೇ ಸಲಕ್ಕ ಬದಲ್ ಮಾಡತದ."

ಮಾಡಿತು. ಪುಟಗಳು ಬಂದ ಮೇಲೆ ಓದುತ್ತ ಹೋದೆ. ಮಾರಾಟವಾಗದ ಗೇಮ್ ಕ್ಯಾಸೆಟ್ಟುಗಳನ್ನು ಅಮೆರಿಕದಲ್ಲಿ ಗುಂಡಿ ತೋಡಿ ಹೂತರು ಎಂದು ಬರೆದಿದ್ದೆ. ಈಗ ಬಟನ್ ತೋಡಿ ಹೂತಿದ್ದರು. ಇಂಥ ಧಂದೆಗೆ ಇಳಿಯಲು ಗಟ್ಟಿ ಗುಂಡಿಗೆ ಬೇಕು ಎಂದು ಅಣ್ಣ ತಮ್ಮಂದಿರಿಬ್ಬರನ್ನೂ ಹೊಗಳಿದ್ದೆ. ಅವರಿಗೆ ಗಟ್ಟಿ ಬಟನ್‌ಗೆ ಬೇಕಾಗಿತ್ತು. ಅಲ್ಲಿಂದ ಮುಂದೆ ಸುರಪುರಕ್ಕೆ ಮೊದಲ ಮಷೀನು ಬಂದ ಪ್ರಸಂಗ. 'ರಸ್ತೆಯ ತುಂಬ ಬಟನ್‌ಗಳಿದ್ದವು. ಒಂದು ದೊಡ್ಡ ಬಟನ್‌ನಲ್ಲಿ ಬಸ್ಸು ಇಳಿದು ಎದ್ದಾಗ ಟಾಪಿನ ಮೇಲಿದ್ದ ಮಷೀನು ಜಾರಿತು.'

ಆ ದಿನವೇ ಯಾದಗಿರಿಗೆ ಹೋಗಿ ಆ ಪುಟ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ತಪ್ಪು ಕಾಣಲಿಲ್ಲ.

"ಇದ್ರಾಗೇನದ ಮೇಡಂ? ಬರೋಬ್ಬರಿ ಅದ. ನಾ ದಿನಾ ಅಂಥಾ ರಸ್ತೆ ಮ್ಯಾಲೇ ಗಾಡಿ ಹೊಡಕೊಂಡು ಬರತೀನಿ. ಒಂದೊಂದು ಒತ್ತಿದಾಗೂ ಒಂದೊಂದು ಜೀವ ಹೋಗತದ."

ವಿನಯ

ಪುಸ್ತಕ ಬಂತು. ಬಿಡುಗಡೆ ಸುರಪುರದಲ್ಲೇ ಆಗಬೇಕು ಎಂದು ನನ್ನ ಆಸೆ. ಒಂದು ಸಣ್ಣ ಹಾಲ್ ಸಿಕ್ಕಿತು. ಮುಖ್ಯ ಅತಿಥಿಯಾಗಿ ಊರಿನ ಒಬ್ಬ ಹಿರಿಯ ಭಾಷಣಕಾರರು ಬಂದರು. ಅವರಿಗೆ ಪುಸ್ತಕವನ್ನು ಮೊದಲೇ ಕಳಿಸಿದ್ದೆ. ಅವರು ರಕ್ಷಾಪುಟ ಓದಿಕೊಂಡು ಬಂದಿದ್ದರು.

"ಸಹೃದಯರೇ, ವಿಡಿಯೊ ಗೇಮ್ ಎಂಬುದು ಒಂದು ಮಹಾಮಾರಿ," ಎಂದು ಆರಂಭಿಸಿದರು. ಆ ಮಾರಿ ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು, ಮಕ್ಕಳ ಕಣ್ಣು, ಕತ್ತು, ಬುದ್ಧಿ ಹೇಗೆ ಹಾಳಾದವು ಎಂದು ವಿಸ್ತಾರವಾಗಿ ಹೇಳಿದರು. "ಇಂಥ ಕಾಲದಲ್ಲಿ ಈ ತಾಯಿ ಪೆನ್ನು ಹಿಡಿದು ಆ ಮಾರಿಯ ವಿರುದ್ಧ ಹೋರಾಟಕ್ಕೆ ನಿಂತಿದ್ದಾರೆ. ಯಾರ ಮನೆಯಲ್ಲಿ ಗೇಮಿನ ಚಟ ಇದೆಯೋ ಅವರು ಇವತ್ತೇ ಈ ಪುಸ್ತಕ ಒಯ್ಯಬೇಕು. ಓದಿದವರು ಗೇಮ್ ಬಿಡುತ್ತಾರೆ ಎಂದು ನಾನು ಭರವಸೆ ಕೊಡುತ್ತೇನೆ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಹೆಂಗಸರು ಆಗಲೇ ಎದ್ದು ಪುಸ್ತಕದ ಮೇಜಿನ ಕಡೆ ಬಂದರು. ಮನೆಯವರು ಕೆಳಗಿನಿಂದಲೇ ನನಗೆ ಸನ್ನೆ ಮಾಡಿದರು. ಸುಮ್ಮನಿರು, ಎಲ್ಲ ಪ್ರತಿ ಖಾಲಿಯಾಗುತ್ತವೆ ಎಂದು ಆ ಸನ್ನೆಯ ಅರ್ಥ. ಸುಮ್ಮನಿದ್ದರೆ ಆಗುತ್ತಲೇ ಇದ್ದವು. ಆದರೆ ಇದೇ ಮಾತಿನ ಪುಸ್ತಕ ಮಾಡಿಕೊಡಿ ಎಂದ ಪ್ರಕಾಶಕರ ಜೊತೆ ಜಗಳಾಡಿ ಬಂದವಳು ನನ್ನ ಊರಿನಲ್ಲಿ, ನನ್ನ ಪುಸ್ತಕದ ಮುಂದೆ ನಿಂತು ಅದನ್ನು ಹೌದೆನ್ನುವುದು ಹೇಗೆ? ಎದ್ದು ಮೈಕ್ ತೆಗೆದುಕೊಂಡೆ.

"ಹಿರಿಯರು ತಪ್ಪು ತಿಳಕೊಂಡಾರ. ಇದು ಗೇಮ್ ಬಿಡಸೂ ಪುಸ್ತಕ ಅಲ್ಲ. ಇದನ್ನ ಓದಿ ಯಾರೂ ಏನೂ ಬಿಡೂದಿಲ್ಲ. ಗೇಮ್ ಮಾಡಿದವ್ರದು, ಮಾರಿದವ್ರದು, ಆಡಿದವ್ರದು ಕಥಿ ಅದ ಇದರಾಗ. ನಾನೂ ಆಡೀನಿ. ಈಗಲೂ ಆಡತೀನಿ. ಬೇಕಂದವ್ರು ಒಯ್ರಿ, ಬ್ಯಾಡಂದವ್ರು ಅಲ್ಲೇ ಇಡ್ರಿ."

ಮೇಜಿನ ಹತ್ತಿರ ನಿಂತ ಹೆಂಗಸರು ಕೈಯಲ್ಲಿ ಪುಸ್ತಕ ಹಿಡಿದುಕೊಂಡು, ಒಯ್ಯಬೇಕೋ ಇಡಬೇಕೋ ತಿಳಿಯದೆ ವೇದಿಕೆಯ ಕಡೆ ನೋಡಿದರು. ಮುಖ್ಯ ಅತಿಥಿಗಳು ಎದ್ದು ಬಂದು ನನ್ನ ಕೈಯಿಂದ ಮೈಕ್ ಮೆಲ್ಲಗೆ ಬಿಡಿಸಿಕೊಂಡರು.

"ನೋಡಿದಿರಾ," ಎಂದರು ಸಭೆಗೆ, "ಎಂಥ ವಿನಯ."

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ತಂದ ಪ್ರತಿಗಳೆಲ್ಲ ಖಾಲಿಯಾದವು.

ಗೊಬ್ಬರದ ಅಂಗಡಿ

ಅದಾಗಿ ಸ್ವಲ್ಪ ದಿನಕ್ಕೆ, ಒಂದು ರವಿವಾರ ಮುಂಜಾನೆ, ಹುಣಸಗಿಯ ಒಬ್ಬ ಹೆಣ್ಣುಮಗಳು ಶಹಾಪುರದ ನಮ್ಮ ಮನೆ ಹುಡುಕಿಕೊಂಡು ಬಂದಳು. ನನಗಿಂತ ಸ್ವಲ್ಪ ಸಣ್ಣಾಕೆ. ಬಿಡುಗಡೆಯ ದಿನ ಪುಸ್ತಕ ಒಯ್ದವರಲ್ಲಿ ಒಬ್ಬಳು. ಕೂರು ಎಂದರೂ ಕೂರಲಿಲ್ಲ.

"ಅಕ್ಕೋರ, ನಿಮ್ಮ ಪುಸ್ತಕ ನಮ್ಮ ಮನೆಯವ್ರಿಗಿ ಕೊಟ್ಟಿದ್ದೆ."

"ಮಕ್ಕಳಿಗಿ ಅಲ್ಲೇನು?"

"ಮಕ್ಕಳು ಶಾಣ್ಯಾ ಅವ. ಚಟ ಇದ್ದದ್ದು ಇವರಿಗಿ. ನಮ್ಮದು ಗೊಬ್ಬರದ ಅಂಗಡಿ ಅದ್ರಿ. ಮುಂಜಾನೆದ್ರ ಗಲ್ಲಾದ ಮ್ಯಾಲ ಕುಂತು ಮೊಬೈಲಿನಾಗ ಗೇಮು. ಊಟಕ್ಕ ಕರದ್ರೂ ಬರೂದಿಲ್ಲ."

ನನಗೆ ಸಭೆಯಲ್ಲಿ ನಡೆದದ್ದು ನೆನಪಾಗಿ ಕಸಿವಿಸಿಯಾಯಿತು. "ನೋಡವ್ವ, ಅದನ್ನ ಓದಿ ಯಾರೂ ಬಿಡೂದಿಲ್ಲ ಅಂತ ನಾ ಅವತ್ತೇ ಹೇಳಿದ್ದೆ."

"ಬಿಟ್ಟಾರ," ಎಂದಳು ಅವಳು.

"ಖರೇನೇನು?" ಎಂದೆ.

"ಪೂರಾ ಓದಿದ್ರು. ಮತ್ತ ಮೊದಲಿಂದ ಓದಿದ್ರು. ಮೊಬೈಲ್ ತಗದು ಬಾಜೂಕಿಟ್ರು. ನಾ ದೇವರಿಗಿ ಕಾಯಿ ಒಡಸಿ ಬಂದೆ."

"ಮತ್ತ ಚೊಲೊ ಆತಲ್ಲ?"

"ಏನು ಚೊಲೊ ಆತ್ರಿ. ಶಹಾಪುರದ ಅಕ್ಕೋರು ಗೇಮಿಂದು ಬರದಾರ, ನಮ್ಮ ಧಂದೆದು ಯಾರು ಬರೀತಾರ ಅಂದ್ರು. ಗೊಬ್ಬರದ ಇತಿಹಾಸ ಬರ್ಯಾಕ ಕುಂತಾರ."

ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ನಮ್ಮ ಮನೆಯವರು ಬಾಗಿಲಿಗೆ ಬಂದು ನಿಂತರು.

"ಗಿರಾಕಿ ಬಂದು ಯೂರಿಯಾ ಕೊಡ್ರಿ ಅಂದ್ರ, ಕೊಡೂದಿಲ್ಲ," ಎಂದು ಅವಳು ಮುಂದುವರಿಸಿದಳು. "ಮೊದಲು ಕುಂದರಸತಾರ. ಯೂರಿಯಾ ಹೆಂಗ ಹುಟ್ಟಿತು, ಯಾವ ದೇಶದಾಗ ಹುಟ್ಟಿತು, ಹುಣಸಗಿಗಿ ಮೊದಲನೇ ಚೀಲ ಯಾರು ತಂದ್ರು, ನಿಮ್ಮ ಅಪ್ಪ ಮೊದಲು ಹಾಕಿದಾಗ ನಿಮ್ಮ ಅಜ್ಜ ಬೈದಿದ್ನೇನು, ಎಲ್ಲಾ ಕೇಳಿ ಬರಕೊಂತಾರ. ಮಂದಿ ನಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗಿ ಹೊಂಟಾರ. ನಿನ್ನಿ ಒಬ್ಬ ಮುದುಕ ಒಂದು ಚೀಲ ಒಯ್ಯಾಕ ಬಂದಾವ, ಮಧ್ಯಾಹ್ನ ನಮ್ಮ ಮನ್ಯಾಗೇ ಉಂಡು, ಸಂಜಿ ಬಸ್ಸಿಗಿ ಹೋದ. ಚೀಲ ಮರತು ಹೋದ."

ನಾನು ನಗಬಾರದು ಎಂದು ತುಟಿ ಕಚ್ಚಿದೆ.

"ನಿಮಗ ಕೈ ಮುಗೀತೀನಿ ಅಕ್ಕೋರ. ಗೇಮು ಆಡಕೋತನರ ಚೀಲ ತೂಗಿ ಕೊಡತಿದ್ರು. ಆ ಚಟಾನೇ ಚೊಲೊ ಇತ್ತು. ಹೆಂಗರ ಮಾಡಿ ಅದನ್ನೇ ಹೊಳ್ಳಿ ಹಚ್ಚಿಕೊಡ್ರಿ."

ಅವಳಿಗೆ ಸಮಾಧಾನ ಹೇಳಬೇಕಿತ್ತು. ಆದರೆ ಗೊಬ್ಬರದ ಬಗ್ಗೆಯೂ ನಮ್ಮ ಕಡೆಯವರು ಬರೆದದ್ದನ್ನು ನಾನು ಕಂಡಿರಲಿಲ್ಲ. ಒಬ್ಬ ಮನುಷ್ಯ ಅಂಗಡಿಯ ಗಲ್ಲಾದ ಮೇಲೆ ಕೂತು ಹಟ ಹಿಡಿದಿದ್ದಾನೆ ಎಂದರೆ ನನಗೆ ತಡೆಯಲಾಗಲಿಲ್ಲ. ಬಾಯಿಂದ ಬಂದೇಬಿಟ್ಟಿತು.

"ಎಷ್ಟು ಅಧ್ಯಾಯ ಮುಗದಾವ?"

ಅವಳು ನನ್ನನ್ನು ಒಂದು ಸಲ ನೋಡಿದಳು. ಇಲ್ಲಿ ಕೇಳಿ ಉಪಯೋಗವಿಲ್ಲ ಎಂದು ಅವಳಿಗೆ ತಿಳಿಯಿತು. ನನ್ನನ್ನು ಬಿಟ್ಟು ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ನಮ್ಮ ಮನೆಯವರ ಕಡೆ ತಿರುಗಿದಳು.

"ಅಣ್ಣಾರ, ನೀವರ ಹೇಳ್ರಿ. ಇದು ಮುಂದ ಎಲ್ಲಿಗಿ ಹೋಗಿ ಮುಟ್ಟತದ?"

ನಮ್ಮ ಮನೆಯವರು ಅವಳ ಕೈಗೆ ಚಹಾ ಕೊಟ್ಟು, ತಾವೂ ಎದುರಿಗೆ ಕೂತು, ಬಹಳ ಕಾಳಜಿಯಿಂದ ಹೇಳಿದರು.

"ಕೊನೀಗಿ ಪ್ರೂಫ್ ನೋಡಾಕ ನಿನ್ನೇ ಕುಂದರಸತಾರವ್ವ. ಅಷ್ಟರಾಗ ಒಂದು ಕನ್ನಡಕ ಮಾಡಿಸಿಕೊ."